ಪಲ್ಲವಿಯ ಮರೆ: ಶರೀಫರ ಗುಡುಗುಡಿ ಪದವೂ ರಾಕ್ ಬ್ಯಾಂಡೂ

ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಎಂಬ ತತ್ವಪದವನ್ನು ಇಂದು ಸ್ನಾತಕೋತ್ತರ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಮೊದಲು ಕೇಳಿರುವುದು ಊರಿನ ಭಜನೆಯಲ್ಲಲ್ಲ, ಪಠ್ಯಪುಸ್ತಕದಲ್ಲಿಯೂ ಅಲ್ಲ. ರಾಕ್ ಬ್ಯಾಂಡ್ ಒಂದರ ಧ್ವನಿಮುದ್ರಣದಲ್ಲಿ. ಹೈದರಾಬಾದಿನಂತಹ ನಗರದಲ್ಲಿ, ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖ್ಖನಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮಾತನ್ನು ಹಂಚಿಕೊಂಡು ಬೆಳೆದವರ ವಿಷಯದಲ್ಲಿ ಇದು ಇನ್ನೂ ನಿಜ. ಇದನ್ನು ಕುರಿತು ವಿಷಾದ ವ್ಯಕ್ತಪಡಿಸುವ ಅಗತ್ಯವಿಲ್ಲ. ಆದರೆ ಹಾಗೆ ಕೇಳಿದವರು ಕೇಳಿದ್ದು ಶರೀಫರ ಪದವನ್ನೇ, ಅಥವಾ ಅದರ ಮೊದಲ ಸಾಲನ್ನು ಮಾತ್ರವೇ ಎಂಬ ಪ್ರಶ್ನೆಯನ್ನು ಕನ್ನಡ ಅಧ್ಯಯನ ಕೇಳಲೇಬೇಕಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೆ.

ಮೊದಲು ಸಂಗತಿಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದ, ಭರತನಾಟ್ಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ ರಘು ದೀಕ್ಷಿತ್ ಮೊದಲು ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿದ್ದರು. ಮುಂದೆ ಬೆಂಗಳೂರಿನಲ್ಲಿ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ರೂಪುಗೊಂಡಿತು. ತಂಡದ ಮೊದಲ ಆಲ್ಬಂ 2008ರಲ್ಲಿ ಹೊರಬಂದಿತು. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆಯ ಹಾಡುಗಳಿರುವ ಈ ಆಲ್ಬಮಿನಲ್ಲಿ ಶರೀಫರ ಎರಡು ಪದಗಳಿವೆ: ಒಂದು ‘ಗುಡುಗುಡಿಯ ಸೇದಿ ನೋಡೋ’, ಮತ್ತೊಂದು ‘ಸೋರುತಿಹುದು ಮನೆಯ ಮಾಳಿಗೆ’. 2013ರ ಎರಡನೆಯ ಆಲ್ಬಂ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಸೇರಿತು. ಗಿಟಾರು, ಬಾಸ್, ಡ್ರಮ್ಸ್, ಪಿಟೀಲುಗಳ ಹುರುಪಿನ ಲಯದಲ್ಲಿ ಈ ಪದಗಳು ಕನ್ನಡ ಬಲ್ಲ ಊರುಗಳ ಆಚೆಗೂ ಹೋದವು. 2010ರಲ್ಲಿ ತಂಡವು ಬಿ.ಬಿ.ಸಿ.ಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯನ್ನು ಪಡೆಯಿತು.

ಈ ಸಂಗೀತವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ಸಣ್ಣ ವಿವಾದದ ವಿಷಯ. ಜಾನಪದ ರಾಕ್ ಎನ್ನುವವರಿದ್ದಾರೆ, ಆಲ್ಟರ್ನೇಟಿವ್ ಎನ್ನುವವರೂ ಇದ್ದಾರೆ. ಪಶ್ಚಿಮದಲ್ಲಿ ‘ಆಲ್ಟರ್ನೇಟಿವ್ ರಾಕ್’ ಎಂದರೆ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಜನಪ್ರಿಯ ಸಂಗೀತಕ್ಕೆ ಪರ್ಯಾಯವಾಗಿ ಕಾಲೇಜು ಆಕಾಶವಾಣಿ ಕೇಂದ್ರಗಳ, ಸಣ್ಣ ಕಂಪನಿಗಳ ಆಶ್ರಯದಲ್ಲಿ ಬೆಳೆದದ್ದು. ಕನ್ನಡದಲ್ಲಿ ಪರ್ಯಾಯ ಎಂಬ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ಇಲ್ಲಿ ಜನಪ್ರಿಯ ಹಾಡು ಎಂದರೆ ಚಲನಚಿತ್ರದ ಹಾಡು. ಚಿತ್ರದ ಹೊರಗೆ ನಿಂತು ಜನರ ಬಾಯಿಗೆ ಬಂದದ್ದೆಲ್ಲವೂ ಪರ್ಯಾಯವೇ. ಈ ಅರ್ಥದಲ್ಲಿ ಕನ್ನಡದ ಮೊದಲ ಪರ್ಯಾಯ ಸಂಗೀತ ಸುಗಮ ಸಂಗೀತವೇ ಎನ್ನಬೇಕು. ಬ್ಯಾಂಡು ಎರಡನೆಯದು. ಎರಡೂ ಶರೀಫರ ಬಾಗಿಲನ್ನೇ ತಟ್ಟಿದ್ದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಪದದ ಸಂರಚನೆಯಲ್ಲಿಯೇ ಇದೆ.

ಶರೀಫರು (1819-1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಬ್ರಾಹ್ಮಣ ಗುರು ಗೋವಿಂದಭಟ್ಟರಿಂದ ಉಪದೇಶ ಪಡೆದವರು. ಅವರ ಪದಗಳಲ್ಲಿ ನಿತ್ಯಬಳಕೆಯ ವಸ್ತು, ಪ್ರಾಣಿ, ಕೆಲಸ ಯಾವುದಾದರೂ ಒಂದು ಎದುರಿಗೆ ಬಂದು ನಿಲ್ಲುತ್ತದೆ. ಅದರ ಹಿಂದೆ ದೇಹ, ಮನಸ್ಸು, ಗುರು, ಮುಕ್ತಿಗಳ ವಿಚಾರ ನಡೆಯುತ್ತದೆ. ಇದು ಎಲ್ಲರೂ ಹೇಳುವ ಮಾತು. ಹೇಳಬೇಕಾದಷ್ಟು ಹೇಳದಿರುವುದು ಯಾವುದೆಂದರೆ, ಎದುರಿನ ವಸ್ತುವಿನಿಂದ ಹಿಂದಿನ ವಿಚಾರಕ್ಕೆ ಹೋಗುವ ಕೀಲಿಕೈಯನ್ನು ಕವಿ ಪದದ ಯಾವ ಭಾಗದಲ್ಲಿ ಇಟ್ಟಿದ್ದಾನೆ ಎಂಬುದು.

ಪ್ರಸಿದ್ಧವಾದ ಮೂರು ಪದಗಳನ್ನು ಹೋಲಿಸಿದರೆ ವಿಷಯ ತಿಳಿಯಾಗುತ್ತದೆ. ‘ಸೋರುತಿಹುದು ಮನೆಯ ಮಾಳಿಗೆ’ಯಲ್ಲಿ ಕೀಲಿಕೈ ಪಲ್ಲವಿಯಲ್ಲಿಯೇ ಇದೆ, ಮಾಳಿಗೆ ಸೋರುವುದಕ್ಕೆ ಕಾರಣ ಅಜ್ಞಾನವೆಂದು ಬಾಗಿಲಲ್ಲಿಯೇ ಹೇಳಿಬಿಡುವುದರಿಂದ ಅದು ಬರಿಯ ಮನೆಯ ಪದವೆಂದು ಯಾರೂ ಮೋಸಹೋಗುವಂತಿಲ್ಲ. ‘ಕೋಡಗನ ಕೋಳಿ ನುಂಗಿತ್ತ’ದಲ್ಲಿ ಕೀಲಿಕೈ ಕಟ್ಟಕಡೆಗೆ ಸಿಗುತ್ತದೆ, ಅಲ್ಲಿಯವರೆಗೆ ಒಂದರ ಮೇಲೊಂದು ಅಸಂಭವಗಳು ಬರುತ್ತ ಹೋಗಿ, ಗುರುವಿನ ಹೆಸರು ಬಂದಾಗಲೇ ನುಂಗುವಿಕೆಯ ಅರ್ಥ ತೆರೆದುಕೊಳ್ಳುತ್ತದೆ. ಗುಡುಗುಡಿಯ ಪದ ಇವೆರಡರ ನಡುವಿನದು. ಇದರ ಪಲ್ಲವಿ ಸಂಪೂರ್ಣವಾಗಿ ಲೌಕಿಕವಾದದ್ದು: ಸೇದಿ ನೋಡು, ಒಡಲಿನ ಬೇನೆ ಹೋಗುತ್ತದೆ ಎಂಬ ಕಟ್ಟೆಯ ಮೇಲಿನ ಸ್ನೇಹಿತನ ಒತ್ತಾಯದಂತಿದೆ. ಕ್ರಿಯಾಪದ ವಿಧ್ಯರ್ಥದಲ್ಲಿದೆ, ಎಲ್ಲಿಯೂ ರೂಪಕದ ಸುಳಿವಿಲ್ಲ. ಮೊದಲ ಚರಣ ಆರಂಭವಾದ ಕೂಡಲೇ ಮನಸ್ಸು ತಂಬಾಕಿನ ಸಂಚಿಯಾಗುತ್ತದೆ, ಮೋಹ ಕೊಚ್ಚಬೇಕಾದ ಸೊಪ್ಪಾಗುತ್ತದೆ. ಮುಂದೆ ಗುಡುಗುಡಿಯ ಒಂದೊಂದು ಅಂಗವೂ ಒಳಗಿನ ಒಂದೊಂದು ತತ್ವಕ್ಕೆ ಹೆಸರಾಗುತ್ತ ಹೋಗುತ್ತದೆ.

ಈ ಪರಿವರ್ತನೆಯನ್ನು ಮಾಡುವುದು ಕನ್ನಡದ ಒಂದು ಚಿಕ್ಕ ಪದ: ‘ಎಂಬ’. ‘ಎನ್’ ಧಾತುವಿನ ಈ ಕೃದಂತ ರೂಪ ವಚನಕಾರರ ಕಾಲದಿಂದಲೂ ನಮ್ಮ ಅನುಭಾವ ಸಾಹಿತ್ಯದ ಬೆನ್ನೆಲುಬು. ಸಂಸ್ಕೃತದ ಸಮಾಸವು ಎರಡು ಪದಗಳನ್ನು ಬೆಸೆದುಬಿಡುತ್ತದೆ. ‘ಎಂಬ’ ಬೆಸೆಯುವುದಿಲ್ಲ, ಎರಡನ್ನೂ ಬೇರೆಬೇರೆಯಾಗಿ ಇಟ್ಟು ಒಂದಕ್ಕೆ ಇನ್ನೊಂದರ ಹೆಸರನ್ನು ಕೊಡುತ್ತದೆ. ಮನಸ್ಸು ಮನಸ್ಸಾಗಿಯೇ ಉಳಿಯುತ್ತದೆ, ಸಂಚಿಯೂ ಸಂಚಿಯಾಗಿಯೇ ಕೈಯಲ್ಲಿರುತ್ತದೆ. ಗುಡುಗುಡಿಯ ಪಲ್ಲವಿಯಲ್ಲಿ ‘ಎಂಬ’ ಇಲ್ಲ, ಚರಣದಲ್ಲಿ ಇದೆ. ಆದುದರಿಂದ ಪ್ರತಿಯೊಂದು ಚರಣದ ನಂತರ ಪಲ್ಲವಿ ಮರಳಿದಾಗ ಅದೇ ಶಬ್ದಗಳು ಬೇರೆ ಅರ್ಥದಲ್ಲಿ ಕೇಳಿಸಬೇಕು. ಮೊದಲ ಸಲ ಹೊಗೆ. ಎರಡನೆಯ ಸಲ ಮೋಹವನ್ನು ಸುಡುವ ಬೆಂಕಿ. ಕಡೆಯ ಸಲ ಉಪದೇಶ. ಪಲ್ಲವಿ ಇಲ್ಲಿ ಮರೆ. ಚರಣ ಆ ಮರೆಯನ್ನು ಸರಿಸುವ ಕೈ. ಮರೆ ಇಲ್ಲದಿದ್ದರೆ ಸರಿಸುವ ಸುಖವಿಲ್ಲ, ಸರಿಸುವ ಕೈ ಇಲ್ಲದಿದ್ದರೆ ಉಳಿಯುವುದು ತಂಬಾಕು ಮಾತ್ರ.

ಪ್ರಾಸಂಗಿಕವಾಗಿ ಒಂದು ಮಾತು. ಈ ಪದದ ಶಬ್ದಕೋಶ ಬೆಂಗಳೂರಿನ ಓದುಗನಿಗಿಂತ ಹೈದರಾಬಾದಿನ ಓದುಗನಿಗೆ ಹತ್ತಿರ. ಗುಡುಗುಡಿ ಎಂಬುದು ನೀರಿನ ಸದ್ದಿನಿಂದ ಹುಟ್ಟಿದ ಅನುಕರಣ ಶಬ್ದ. ಉರ್ದುವಿನಲ್ಲಿಯೂ ಇದೇ ಬಗೆಯ ಹೆಸರಿದೆ. ಚಿಲುಮೆ ಎಂದರೆ ಅಚ್ಚಕನ್ನಡದಲ್ಲಿ ನೀರಿನ ಊಟೆ. ಫಾರಸಿ-ಉರ್ದುವಿನ ಚಿಲಂ ಕನ್ನಡಕ್ಕೆ ಬಂದು ಅದೇ ರೂಪವನ್ನು ತಾಳಿದ್ದರಿಂದ ಬೆಂಕಿಯನ್ನು ಹೊರುವ ಮಣ್ಣಿನ ಬಟ್ಟಲಿಗೂ ನೀರು ಉಕ್ಕುವ ಜಾಗಕ್ಕೂ ಒಂದೇ ಹೆಸರಾಯಿತು. ಈ ಶ್ಲೇಷೆ ಪದವನ್ನು ಕೇಳುವವನ ಕಿವಿಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಮೊಹರಂ ಪದಗಳನ್ನೂ ಕಟ್ಟಿದ ಶರೀಫರಿಗೆ ದಖ್ಖನಿಯ ಮಾತು ಪರಕೀಯವಾಗಿರಲಿಲ್ಲ. ಹಳೆಯ ನಿಜಾಮ್ ಸಂಸ್ಥಾನದ ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳಿಂದ ಬಂದ ಮನೆತನಗಳ ಮಕ್ಕಳಿಗೆ ಈ ಪದಕ್ಕೆ ಅರ್ಥಕೋಶ ಹೆಚ್ಚು ಬೇಕಾಗುವುದಿಲ್ಲ.

ಆದರೆ ವಸ್ತು ಬದಲಾಗಿದೆ. ಇಂದಿನ ವಿದ್ಯಾರ್ಥಿಗೆ ಗುಡುಗುಡಿ ಎಂದೊಡನೆ ನೆನಪಾಗುವುದು ಕಟ್ಟೆಯ ಮೇಲೆ ಕುಳಿತ ಮುದುಕನಲ್ಲ. ನಗರದ ಹುಕ್ಕಾ ಕೇಂದ್ರ. 2024ರ ಫೆಬ್ರವರಿಯಲ್ಲಿ ಕರ್ನಾಟಕ, ತೆಲಂಗಾಣ ಎರಡೂ ರಾಜ್ಯಗಳು ಈ ಕೇಂದ್ರಗಳ ಮೇಲೆ ನಿಷೇಧದ ಕ್ರಮ ಕೈಗೊಂಡವು. ಸಾವಿರಾರು ಯುವಕರು ಸೇರಿದ ಮೈದಾನದಲ್ಲಿ ಪಲ್ಲವಿ ಮೊಳಗಿದಾಗ ಏಳುವ ಕೇಕೆಯಲ್ಲಿ ಎಷ್ಟು ಪಾಲು ಶರೀಫರದು, ಎಷ್ಟು ಪಾಲು ಹುಕ್ಕಾದ್ದು ಎಂದು ಅಳೆಯುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಈ ಅಪಾಯ ಇದ್ದಿತೆಂಬುದನ್ನು ಮರೆಯಬಾರದು. ಅಂದಿನ ಕಟ್ಟೆಯ ಮೇಲೂ ನಿಜವಾದ ಗುಡುಗುಡಿಯೇ ಇತ್ತು. ಶರೀಫರು ತಿಳಿದೇ ಅದನ್ನು ಕೈಗೆತ್ತಿಕೊಂಡರು.

ಈ ಪದ ಕಳೆದ ನೂರೈವತ್ತು ವರ್ಷಗಳಲ್ಲಿ ಮೂರು ಬಗೆಯ ಪ್ರಯೋಗಗಳನ್ನು ಕಂಡಿದೆ. ಮೊದಲನೆಯದು ಭಜನೆಯ ಮೇಳ. ಏಕತಾರಿ, ತಾಳ, ದಮ್ಮಡಿಗಳೊಡನೆ ರಾತ್ರಿಯಿಡೀ ನಡೆಯುವ ಹಾಡಿಕೆಯಲ್ಲಿ ಮುಂದಾಳು ಒಂದು ಸಾಲನ್ನು ಎತ್ತುತ್ತಾನೆ, ಮೇಳ ಅದನ್ನು ಹಿಡಿಯುತ್ತದೆ. ಪಲ್ಲವಿ ಮೇಳದ ಸ್ವತ್ತು, ಚರಣ ಮುಂದಾಳಿನದು. ಹಾಡಿನ ನಡುವೆಯೋ ನಂತರವೋ ಹಿರಿಯರೊಬ್ಬರು ಅರ್ಥವನ್ನು ಬಿಡಿಸುವುದುಂಟು. ಕೇಳುವವರು ಪ್ರಶ್ನೆ ಹಾಕುವುದುಂಟು. ಬೆಡಗಿನ ವಚನಗಳಿಗೆ ಟೀಕೆಗಳು ಬೆಳೆದಂತೆ ತತ್ವಪದಕ್ಕೂ ಬಾಯಿಮಾತಿನ ಟೀಕೆಯೊಂದು ಜೊತೆಗಿರುತ್ತದೆ. ಅಂದರೆ ಇಲ್ಲಿ ಪಠ್ಯ ಎಂದರೆ ಹಾಡು ಮಾತ್ರವಲ್ಲ, ಹಾಡು ಮತ್ತು ಅದರ ಸುತ್ತಲಿನ ಮಾತು ಎರಡೂ.

ಎರಡನೆಯದು ಸುಗಮ ಸಂಗೀತ. ಸಿ. ಅಶ್ವತ್ಥ್ (1939-2009), ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಕಂಠದಲ್ಲಿ ಕ್ಯಾಸೆಟ್ಟುಗಳ ಮೂಲಕ ಶರೀಫರು ನಗರದ ಮಧ್ಯಮವರ್ಗದ ಮನೆಗಳನ್ನು ಪ್ರವೇಶಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತು. ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡರು ಗೋವಿಂದಭಟ್ಟರಾಗಿ ಅಭಿನಯಿಸಿದ, ಅಶ್ವತ್ಥ್ ಸಂಗೀತ ನೀಡಿದ ಈ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು. ಈ ಘಟ್ಟದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪದದ ಸಂರಚನೆಯ ದೃಷ್ಟಿಯಿಂದ ಒಂದು ಪಲ್ಲಟ ನಡೆಯಿತು. ಪಲ್ಲವಿ ಮತ್ತು ಚರಣ ಎರಡೂ ಒಂದೇ ಕಂಠಕ್ಕೆ ಸೇರಿದವು. ಮೇಳದೊಳಗಿನ ಸಂವಾದ ಗಾಯಕನೊಬ್ಬನ ಆತ್ಮನಿವೇದನೆಯಾಯಿತು. ಅಶ್ವತ್ಥರ ಏರುಕಂಠದಲ್ಲಿ ತತ್ವಪದವು ಭಾವಗೀತೆಯ ತೀವ್ರತೆಯನ್ನು ಪಡೆಯಿತು. ಅದರ ತುಂಟತನ ಸ್ವಲ್ಪ ಹಿಂದೆ ಸರಿಯಿತೆಂದೇ ನನಗೆ ತೋರುತ್ತದೆ. ಕೇಳುಗನ ಪಾಲಿಗೆ ಉಳಿದದ್ದು ಕೇಳುವುದು ಮಾತ್ರ.

ಮೂರನೆಯದು ಬ್ಯಾಂಡು. ಬ್ಯಾಂಡಿನ ವಿರುದ್ಧ ಹಿರಿಯರು ಸಾಮಾನ್ಯವಾಗಿ ಎತ್ತುವ ಮೊದಲ ಆಕ್ಷೇಪ ಅದರ ಅಬ್ಬರದ್ದು. ಇದನ್ನು ಗಂಭೀರವಾಗಿ ಪರಿಗಣಿಸಬೇಕಾಗಿಲ್ಲ. ಮೊಹರಂ ಹೆಜ್ಜೆಮೇಳವನ್ನಾಗಲಿ ತಡರಾತ್ರಿಯ ಭಜನೆಯನ್ನಾಗಲಿ ಹತ್ತಿರದಿಂದ ಕೇಳಿದವರು ತತ್ವಪದ ಮೆಲುದನಿಯ ಪ್ರಕಾರವೆಂದು ವಾದಿಸಲಾರರು. ಮೆಲುದನಿ ಅದಕ್ಕೆ ಬಂದದ್ದು ಕ್ಯಾಸೆಟ್ಟಿನಿಂದ. ಮೇಲಾಗಿ ಬ್ಯಾಂಡು ಪಲ್ಲವಿಯನ್ನು ಮತ್ತೆ ಸಭೆಗೆ ಒಪ್ಪಿಸಿತು. ರಘು ದೀಕ್ಷಿತರ ಕಾರ್ಯಕ್ರಮಗಳ ಪ್ರಸಿದ್ಧ ಲಕ್ಷಣವೆಂದರೆ ಸಭಿಕರಿಂದ ಹಾಡಿಸುವುದು, ಕುಣಿಸುವುದು. ಭಾವಗೀತೆಯ ಸಭೆಯಲ್ಲಿ ಕೈಕಟ್ಟಿ ಕುಳಿತಿದ್ದ ಮೇಳ ಇಲ್ಲಿ ಎದ್ದು ನಿಂತಿತು. ಈ ಒಂದು ಅಂಶದಲ್ಲಿ ರಾಕ್ ಪ್ರಯೋಗ ಸುಗಮ ಸಂಗೀತಕ್ಕಿಂತ ಭಜನೆಗೆ ಹತ್ತಿರ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಅದು ಪಲ್ಲವಿಯ ಸ್ವರೂಪಕ್ಕೆ ಸಂಬಂಧಿಸಿದ್ದು. ರಾಕ್ ಸಂಗೀತದಲ್ಲಿ ಹಾಡೊಂದು ಬಿಡಿಯಾಗಿ, ಅಂದರೆ ‘ಸಿಂಗಲ್’ ಆಗಿ, ಜನಪ್ರಿಯವಾಗುತ್ತದೆ. ಇದರ ಮೂಲ ಗ್ರಾಮಫೋನಿನ ಕಾಲದಲ್ಲಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಆ ಅಳತೆ ತಟ್ಟೆ ಹೋದ ಮೇಲೂ ಹೋಗಲಿಲ್ಲ. ಮೂರು ನಾಲ್ಕು ನಿಮಿಷದಲ್ಲಿ ಕೇಳುಗನನ್ನು ಹಿಡಿದು ನಿಲ್ಲಿಸಬೇಕಾದ ಹಾಡಿಗೆ ಕೊಂಡಿಯಂತಹ ಒಂದು ಸಾಲು ಬೇಕು. ಅದು ಮತ್ತೆ ಮತ್ತೆ ಬರಬೇಕು. ಪ್ರತಿ ಸಲವೂ ಅದೇ ಆಗಿರಬೇಕು. ತತ್ವಪದದ ಪಲ್ಲವಿಯೂ ಕೊಂಡಿಯೇ. ಬ್ಯಾಂಡಿನ ಯುವಕರು ಅದನ್ನು ಕಂಡುಕೊಂಡದ್ದು ಅವರ ಕಿವಿಯ ಸೂಕ್ಷ್ಮಕ್ಕೆ ಸಾಕ್ಷಿ. ವ್ಯತ್ಯಾಸವೆಂದರೆ ಶರೀಫರ ಕೊಂಡಿ ಪ್ರತಿ ಸಲವೂ ಬೇರೆಯಾಗಲೆಂದೇ ಮರಳುತ್ತದೆ. ಬ್ಯಾಂಡಿನ ಧ್ವನಿಮುದ್ರಣದಲ್ಲಿ ಚರಣಗಳು ಉಳಿದಿವೆ, ಇದು ಮೆಚ್ಚಬೇಕಾದ ಸಂಗತಿ. ಆದರೆ ಅವುಗಳನ್ನು ಬಿಡಿಸುವ ಹಿರಿಯರ ಮಾತಿಗೆ ಅಲ್ಲಿ ಜಾಗವಿಲ್ಲ. ವೇಗದ ಲಯದಲ್ಲಿ ಒತ್ತು ಬೀಳುವುದು ಸಂಚಿ, ಚಿಲುಮೆಗಳಂತಹ ವಸ್ತುವಾಚಕಗಳ ಮೇಲೆ. ‘ಎಂಬ’ ಎಂಬುದು ಎರಡು ತಾಳಗಳ ನಡುವೆ ಜಾರಿಹೋಗುತ್ತದೆ. ಪದದ ಕೀಲಿಕೈ ಇರುವುದು ಅಲ್ಲಿಯೇ.

ಹಾಡಿಗೆ ದೃಶ್ಯ ಸೇರಿದಾಗ ಈ ತೊಡಕು ಇಮ್ಮಡಿಯಾಗುತ್ತದೆ. ಬಿಡಿಹಾಡಿನ ಜೊತೆಗೆ ಮೂರು ನಾಲ್ಕು ನಿಮಿಷದ ಚಿತ್ರವೊಂದನ್ನು ತಯಾರಿಸಿ ದೂರದರ್ಶನದಲ್ಲಿ ಬಿತ್ತರಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿ ಕಂಡದ್ದು 1991ರಲ್ಲಿ ಉಪಗ್ರಹ ವಾಹಿನಿಗಳು ಬಂದ ಮೇಲೆ. ಅದೇ ವರ್ಷ ಅಮೆರಿಕದ ಒಂದು ಆಲ್ಟರ್ನೇಟಿವ್ ರಾಕ್ ಬ್ಯಾಂಡಿನ ಹಾಡು ಲೋಕಪ್ರಸಿದ್ಧವಾಯಿತು. ನಮ್ಮ ಚರ್ಚೆಗೆ ಅದು ಅನಿರೀಕ್ಷಿತವಾದ ಬೆಳಕನ್ನು ಚೆಲ್ಲುತ್ತದೆ.

ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನ ಆರ್.ಇ.ಎಂ. ತಂಡದ ‘ಲೂಸಿಂಗ್ ಮೈ ರಿಲಿಜನ್’ 1991ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಗಿಟಾರು ವಾದಕ ಪೀಟರ್ ಬಕ್ ಮ್ಯಾಂಡೊಲಿನ್ ಕಲಿಯುತ್ತಿದ್ದಾಗ ಹೊಳೆದ ವರಸೆಯ ಮೇಲೆ ಹಾಡು ನಿಂತಿದೆ. ಹೆಸರನ್ನು ಅಕ್ಷರಶಃ ತೆಗೆದುಕೊಂಡರೆ ‘ನನ್ನ ಧರ್ಮವನ್ನು ಕಳೆದುಕೊಳ್ಳುತ್ತಿದ್ದೇನೆ’ ಎಂದಾಗುತ್ತದೆ. ಅಮೆರಿಕದ ದಕ್ಷಿಣ ಸೀಮೆಯ ಆಡುಮಾತಿನಲ್ಲಿ ಅದರ ಅರ್ಥ ಬೇರೆ: ತಾಳ್ಮೆ ಕೆಟ್ಟುಹೋಯಿತು, ಇನ್ನು ಸೈರಿಸಲಾರೆ ಎಂದಷ್ಟೆ. ಹಾಡಿನ ವಸ್ತು ಮರುದನಿಯಿಲ್ಲದ ಅನುರಾಗ, ಧರ್ಮವಲ್ಲ. ಆ ಸೀಮೆಯ ಹೊರಗಿನ ಕೋಟ್ಯಂತರ ಕೇಳುಗರು ಅದನ್ನು ಶ್ರದ್ಧೆ ಕಳೆದುಕೊಂಡವನ ಅಳಲೆಂದೇ ಕೇಳಿದರು. ಪಲ್ಲವಿಯ ಮರೆ ಇಲ್ಲಿಯೂ ಇದೆ. ಆದರೆ ಅದನ್ನು ಇಳಿಸಿದ್ದು ಕವಿಯಲ್ಲ, ಭೂಗೋಳ.

ಆ ಹಾಡಿನ ಚಿತ್ರವನ್ನು ನಿರ್ದೇಶಿಸಿದವರು ಜಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಕಿಟಕಿಯ ಹೊರಗೆ ಮಳೆ, ಬಿದ್ದು ಒಡೆಯುವ ಹಾಲಿನ ಪಾತ್ರೆ, ಕತ್ತಲ ಕೋಣೆಯಲ್ಲಿ ಕುಳಿತ ಗಾಯಕ ಮೈಕೆಲ್ ಸ್ಟೈಪ್. ಅನಂತರ ಇಟಲಿಯ ಕಲಾವಿದ ಕರವಾಜ್ಜೊನ ನೆರಳುಬೆಳಕಿನ ಚಿತ್ರಗಳು, ಬಾಣ ನೆಟ್ಟ ಕ್ರೈಸ್ತ ಸಂತ, ಗೇಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್‌ನ ಕತೆಯಿಂದ ಎದ್ದುಬಂದ ರೆಕ್ಕೆಯ ಮುದುಕ, ನಮ್ಮ ಮನೆಗಳ ಕ್ಯಾಲೆಂಡರುಗಳಲ್ಲಿ ಕಾಣುವ ಬಣ್ಣದ ದೇವರ ಪಟಗಳನ್ನು ನೆನಪಿಸುವ ಭಂಗಿಗಳು. ಚಿತ್ರಕ್ಕೆ 1991ರ ಎಂ.ಟಿ.ವಿ. ವರ್ಷದ ಪ್ರಶಸ್ತಿಯೂ, ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂದವು. ಸ್ವಾರಸ್ಯ ಏನೆಂದರೆ, ನುಡಿಗಟ್ಟಿನಲ್ಲಿ ಇಲ್ಲದ ಧರ್ಮ ಚಿತ್ರದಲ್ಲಿ ತುಂಬಿ ತುಳುಕಿತು. ತರ್ಸೇಮ್ ಹಾಡಿನ ಅರ್ಥವನ್ನು ಚಿತ್ರಿಸದೆ ಅದರ ಶಬ್ದವನ್ನು ಚಿತ್ರಿಸಿದರು. ಅದರಿಂದ ಹಾಡಿಗೆ ಇನ್ನೊಂದು ಅರ್ಥ ಹುಟ್ಟಿತು. ಹುಟ್ಟಿದ ಮೇಲೆ ಮೊದಲಿನ ಅರ್ಥ ಹಿಂದಕ್ಕೆ ಸರಿಯಿತು.

ಈ ಪ್ರಸಂಗವನ್ನು ಗುಡುಗುಡಿಗೆ ಅನ್ವಯಿಸಿ ನೋಡಬಹುದು. ಕ್ಯಾಮೆರಾ ಗುಡುಗುಡಿಯನ್ನು ತೋರಿಸಿದರೆ ಅದು ಗುಡುಗುಡಿಯೇ. ದೃಶ್ಯಕ್ಕೆ ‘ಎಂಬ’ ಎಂಬ ಪ್ರತ್ಯಯವಿಲ್ಲ. ಮನಸ್ಸು ಸಂಚಿಯಾಗುವುದನ್ನು ಮಾತು ಒಂದು ಉಸಿರಿನಲ್ಲಿ ಸಾಧಿಸುತ್ತದೆ. ಚಿತ್ರ ಒಂದೋ ಸಂಚಿಯನ್ನು ತೋರಿಸಬೇಕು, ಇಲ್ಲವೇ ತರ್ಸೇಮ್ ಮಾಡಿದಂತೆ ಪದದ ಪಕ್ಕದಲ್ಲಿ ಬೇರೊಂದು ಲೋಕವನ್ನೇ ಕಟ್ಟಬೇಕು. ತತ್ವಪದಗಳನ್ನು ದೃಶ್ಯಕ್ಕೆ ಅಳವಡಿಸುವವರು ಎದುರಿಸುವ ನಿಜವಾದ ಸವಾಲು ಇದು. ಹೊಲ, ಗುಡಿ, ಎತ್ತಿನ ಬಂಡಿ, ಗಡ್ಡದ ಫಕೀರರನ್ನು ಸಾಲಾಗಿ ತೋರಿಸಿ ಮುಗಿಸುವುದು ಈ ಸವಾಲಿನಿಂದ ತಪ್ಪಿಸಿಕೊಳ್ಳುವ ಉಪಾಯ. ನಮ್ಮಲ್ಲಿ ಅದು ಸ್ವಲ್ಪ ಹೆಚ್ಚಾಗಿಯೇ ನಡೆದಿದೆ.

ರಘು ದೀಕ್ಷಿತರ ಪ್ರಯೋಗದಲ್ಲಿ ದೃಶ್ಯದ ಮುಖ್ಯ ಭಾಗ ಗಾಯಕನ ಮೈಯೇ. ಬಣ್ಣಬಣ್ಣದ ಅಂಗಿ, ಮೇಲೆತ್ತಿ ಕಟ್ಟಿದ ಪಂಚೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು. ಬಿ.ಬಿ.ಸಿ.ಯ ವೇದಿಕೆಯ ಮೇಲೂ ಈ ವೇಷವೇ. ಇದು ಶರೀಫರ ವೇಷವಲ್ಲ. ಯಾವ ಊರಿನ ಭಜನೆಯವರ ವೇಷವೂ ಅಲ್ಲ. ಪಂಚೆ ಒಂದು ಕಡೆಯಿಂದ, ಗೆಜ್ಜೆ ಭರತನಾಟ್ಯದಿಂದ, ಗಿಟಾರು ಮತ್ತೊಂದು ಕಡೆಯಿಂದ ಬಂದು ಕೂಡಿವೆ. ಇದನ್ನು ಕೃತಕವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗುಡುಗುಡಿಯನ್ನು ವೇದಿಕೆಗೆ ತಂದು ಸೇದುವ ನಟನೆ ಮಾಡುವುದಕ್ಕಿಂತ ಗೆಜ್ಜೆಯ ಸದ್ದು ಮೇಲು. ಕಾಲಿನ ಗೆಜ್ಜೆ ವಸ್ತುವನ್ನು ಅನುಕರಿಸುವುದಿಲ್ಲ, ಲಯವನ್ನು ಹಿಡಿಯುತ್ತದೆ; ಗುಡುಗುಡಿಯಂತೆಯೇ ಅದೂ ಸದ್ದಿನಿಂದ ಗುರುತಿಸಿಕೊಳ್ಳುವ ವಸ್ತು.

ಇನ್ನು ಕನ್ನಡವನ್ನೇ ಅರಿಯದವರ ಪ್ರಶ್ನೆ. ಇಂಗ್ಲೆಂಡಿನ ಸಭಿಕನಿಗೆ, ಹೈದರಾಬಾದಿನ ತೆಲುಗು ಯುವಕನಿಗೆ ಈ ಪದ ಏನಾಗಿ ತಲುಪುತ್ತದೆ? ತತ್ವಪದದಲ್ಲಿ ಅರ್ಥವಾಗದಿರುವುದಕ್ಕೂ ಒಂದು ಸ್ಥಾನವಿದೆ, ಆದುದರಿಂದ ಭಾಷೆ ತಿಳಿಯದಿದ್ದರೂ ಅನುಭವ ತಲುಪುತ್ತದೆ ಎಂಬ ವಾದವನ್ನು ಕೆಲವರು ಮಂಡಿಸುತ್ತಾರೆ. ಈ ವಾದ ಆಕರ್ಷಕವಾಗಿದ್ದರೂ ಎರಡು ಬೇರೆ ಸಂಗತಿಗಳನ್ನು ಒಂದಾಗಿಸುತ್ತದೆ. ಬೆಡಗಿನಲ್ಲಿ ಪ್ರತಿಯೊಂದು ಶಬ್ದವೂ ತಿಳಿಯುತ್ತದೆ, ವಾಕ್ಯ ತಿಳಿಯುವುದಿಲ್ಲ. ಕೋಡಗ ಯಾವುದು, ಕೋಳಿ ಯಾವುದು ಎಂದು ಗೊತ್ತಿರುವವನಿಗೆ ಮಾತ್ರ ಕೋಳಿ ಕೋಡಗವನ್ನು ನುಂಗುವುದು ಬೆರಗಾಗುತ್ತದೆ. ಎರಡೂ ಗೊತ್ತಿಲ್ಲದವನಿಗೆ ಅಲ್ಲಿ ಬೆರಗಿಲ್ಲ, ನಾದವಿದೆ. ನಾದ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಅದು ಬೆಡಗಲ್ಲ ಎಂದಷ್ಟೆ. ಗುಡುಗುಡಿಯ ಮಟ್ಟಿಗೆ ಹೇಳುವುದಾದರೆ ಭಾಷೆ ಅರಿಯದವನು ಪಲ್ಲವಿಯಿಂದ ಮೋಸಹೋಗುವುದೂ ಇಲ್ಲ. ಅವನಿಗೆ ಮರೆಯೇ ಇಲ್ಲ. ಮೋಸಹೋಗುವ ಅಪಾಯ ಇರುವುದು ಅರ್ಧ ತಿಳಿದವನಿಗೆ, ಅಂದರೆ ‘ಸೇದು’ ತಿಳಿದು ‘ಎಂಬ’ ಕೇಳಿಸದವನಿಗೆ. ನಮ್ಮ ತರಗತಿಗಳಿಗೆ ಬರುವವರಲ್ಲಿ ಬಹುಪಾಲು ಇವರೇ. ಕನ್ನಡ ವಿಭಾಗದ ಕೆಲಸ ಇರುವುದೂ ಇವರೊಡನೆಯೇ.

ಹಾಗಾದರೆ ಈ ಧ್ವನಿಮುದ್ರಣಗಳನ್ನು ಅಧ್ಯಯನದಲ್ಲಿ ಎಲ್ಲಿಡಬೇಕು? ಜನಪ್ರಿಯ ಸಂಸ್ಕೃತಿಯ ಉದಾಹರಣೆಯೆಂದು ಒಂದು ಅಡಿಟಿಪ್ಪಣಿಗೆ ಸೇರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಶರೀಫರ ಪದಗಳು ಬಾಯಿಂದ ಬಾಯಿಗೆ ಉಳಿದುಬಂದು ಅನಂತರ ಸಂಗ್ರಾಹಕರಿಂದ ಅಚ್ಚಾದವು. ಮುದ್ರಿತ ಪಾಠವೂ ಒಬ್ಬ ಹಾಡುಗಾರನ ಒಂದು ಹಾಡಿಕೆಯ ದಾಖಲೆಯೇ. ಆ ದೃಷ್ಟಿಯಿಂದ ಧ್ವನಿಮುದ್ರಣವನ್ನು ಪಾಠಾಂತರವೆಂದು ಪರಿಗಣಿಸುವುದು ಗ್ರಂಥಸಂಪಾದನಾಶಾಸ್ತ್ರಕ್ಕೆ ವಿರುದ್ಧವೇನಲ್ಲ. ಒಂದು ಸಣ್ಣ ನಿದರ್ಶನ: 2008ರ ಆಲ್ಬಮಿನಲ್ಲಿ ಎರಡನೆಯ ಪದದ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಟ್ಟಿರುವುದು ‘ಮನಿಯ ಮಾಳಿಗಿ’ ಎಂಬ ಉಚ್ಚಾರಣೆಗೆ ಅನುಗುಣವಾಗಿ. ಮುದ್ರಿತ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಮನೆಯ ಮಾಳಿಗೆ’ ಶಿಷ್ಟ ಕನ್ನಡದ ರೂಪ. ಪದಾಂತ್ಯದ ಎಕಾರ ಇಕಾರವಾಗುವುದು ಧಾರವಾಡ ಸೀಮೆಯ ಆಡುನುಡಿಯ ಲಕ್ಷಣ. ಮೈಸೂರಿನಲ್ಲಿ ಬೆಳೆದ ಗಾಯಕನ ರಾಕ್ ತಂಡವು ಶಿಶುವಿನಹಾಳದ ಬಾಯಿಗೆ ಅಚ್ಚಿನ ಪುಸ್ತಕಕ್ಕಿಂತ ಹತ್ತಿರ ನಿಂತಿದೆ. ಮಾಳಿಗೆ ಎಂಬ ಮಾತೂ ಅಷ್ಟೆ. ಹಳೆ ಮೈಸೂರಿನ ಕಿವಿಗೆ ಅದು ಮಹಡಿ. ಉತ್ತರದ ಸೀಮೆಯಲ್ಲಿ ಅದು ಮಣ್ಣು ಹಾಸಿದ ಚಪ್ಪಟೆ ಛಾವಣಿ, ಮಳೆಗಾಲಕ್ಕೆ ಮುಂಚೆ ಯಾರಾದರೂ ಹತ್ತಿ ಮಣ್ಣು ಸರಿಮಾಡದಿದ್ದರೆ ಸೋರಿಯೇ ತೀರುವಂಥದು. ಈ ಅರ್ಥ ತಿಳಿಯದೆ ಆ ಪದದ ಆತಂಕ ತಿಳಿಯದು.

ಹೈದರಾಬಾದಿನ ಮಟ್ಟಿಗೆ ಈ ಬಗೆಯ ಅಧ್ಯಯನಕ್ಕೆ ಇನ್ನೊಂದು ಕಾರಣವೂ ಇದೆ. ನಿಜಾಮರ ಆಳ್ವಿಕೆಯಲ್ಲಿದ್ದ ಕನ್ನಡ ಸೀಮೆ ತತ್ವಪದಗಳ ದೊಡ್ಡ ನೆಲೆ. ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರು ಜಾತಿಮತಗಳನ್ನು ದಾಟಿ ಕಟ್ಟಿದ ಪರಂಪರೆ ಅದು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ತತ್ವಪದಗಳ ಹಲವು ಸಂಪುಟಗಳನ್ನು ಪ್ರಕಟಿಸಿರುವುದರಿಂದ ಪಠ್ಯದ ಕೊರತೆ ಬಹುಮಟ್ಟಿಗೆ ನೀಗಿದೆ. ಆದರೆ ಅಚ್ಚಿನ ಸಂಪುಟದಲ್ಲಿ ಪಲ್ಲವಿ ಒಮ್ಮೆ ಮಾತ್ರ ಇರುತ್ತದೆ. ಮುಂದಿನ ಚರಣಗಳ ಕೆಳಗೆ ಮೊದಲ ಶಬ್ದವನ್ನು ಬರೆದು ಚುಕ್ಕೆಯಿಟ್ಟು ಬಿಡುತ್ತಾರೆ; ಕೆಲವು ಕಡೆ ಅದೂ ಇಲ್ಲ. ಪದ ಉಸಿರಾಡುವ ಜಾಗವೇ ಆ ಚುಕ್ಕೆಗಳು.

ಸಂಶೋಧನ ವಿದ್ಯಾರ್ಥಿಯೊಬ್ಬರು ಗುಡುಗುಡಿಯ ಮೂರು ಹಾಡಿಕೆಗಳನ್ನು, ಎಂದರೆ ಊರಿನ ಭಜನೆಯದೊಂದು, ಸುಗಮ ಸಂಗೀತದ್ದೊಂದು, 2008ರ ಬ್ಯಾಂಡಿನದೊಂದು, ಪಕ್ಕಪಕ್ಕದಲ್ಲಿ ಬರೆದುಕೊಂಡು ಪಲ್ಲವಿ ಎಲ್ಲೆಲ್ಲಿ ಮರಳುತ್ತದೆ, ಯಾರ ಕಂಠದಲ್ಲಿ ಮರಳುತ್ತದೆ, ಎಷ್ಟು ಸಲ ಮರಳುತ್ತದೆ ಎಂದು ಗುರುತಿಸಬೇಕು. ‘ಎಂಬ’ ಬರುವ ಸ್ಥಾನಗಳಲ್ಲಿ ತಾಳ ಎಲ್ಲಿ ಬೀಳುತ್ತದೆಂಬುದನ್ನೂ ಬರೆದುಕೊಳ್ಳಬೇಕು. ಇದಕ್ಕೆ ಹೆಚ್ಚಿನ ಸಲಕರಣೆ ಬೇಡ. ಒಂದು ಕಾಗದ, ಎರಡು ಬಣ್ಣದ ಸೀಸಕಡ್ಡಿ ಸಾಕು. ಭಜನೆಯ ಹಾಡಿಕೆಯನ್ನು ಬರೆದುಕೊಳ್ಳುವಾಗ ಮಾತ್ರ, ಹಾಡು ನಿಂತ ಮೇಲೂ ಧ್ವನಿಗ್ರಾಹಕವನ್ನು ನಿಲ್ಲಿಸಬಾರದು. ಹಿರಿಯರು ಮಾತು ಆರಂಭಿಸುವುದು ಆಗಲೇ.